ಅಜ್ಜಿ ಮೂಲಭೂತವಾದಿಯೇ, ಮಡಿವಂತೆಯೇ?

ಪ್ರಶ್ನೆ: ನಮ್ಮ ತಾಯಿಗೆ 82 ವರ್ಷ. ಈಗಲೂ ಸ್ನಾನ ಮಾಡಿ ಮಡಿ ಸೀರೆ ಉಟ್ಟ ಮೇಲೇ ಒಲೆ ಹಚ್ಚುತ್ತಾರೆ. ಏಕಾದಶಿಗೆ ಉಪವಾಸ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಕಾಫಿ ಕೊಡುವ ಲೋಟ ಹಿತ್ತಿಲ ಕಟ್ಟೆಯ ಮೇಲೆ ಬೇರೆಯೇ ಇದೆ. ಹಬ್ಬಕ್ಕೆ ಬಂದಿದ್ದ ನನ್ನ ಮಗ ಊಟಕ್ಕೆ ಕೂತಾಗ, 'ಅಜ್ಜಿ, ನೀನು ಮೂಲಭೂತವಾದಿ' ಅಂದ. ಅಮ್ಮ ಕೋಪ ಮಾಡಿಕೊಳ್ಳಲಿಲ್ಲ. 'ಹಾಗಂದ್ರೇನೋ?' ಎಂದು ಕೇಳಿದರು. ಅವನಿಗೂ ಹೇಳಲು ಬರಲಿಲ್ಲ, ನನಗೂ ಬರಲಿಲ್ಲ. ಈ ಪದ ಎಲ್ಲಿಂದ ಬಂತು? ಮಡಿವಂತರಿಗೂ ಮೂಲಭೂತವಾದಿಗಳಿಗೂ ಏನು ವ್ಯತ್ಯಾಸ?

ಉತ್ತರ: ನಿಮ್ಮ ತಾಯಿಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ನಾವು ದಿನಾ ಪತ್ರಿಕೆಯಲ್ಲಿ ಓದುವ, ಟಿವಿಯಲ್ಲಿ ಕೇಳುವ ಪದ ಇದು. ಅರ್ಥ ಹೇಳಿ ಎಂದರೆ ಮಾತ್ರ ತಡವರಿಸುತ್ತೇವೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ: ಅವರು ಮೂಲಭೂತವಾದಿ ಅಲ್ಲ. ಆದರೆ ಹಾಗೆಂದ ಮಾತ್ರಕ್ಕೆ ಹಿತ್ತಿಲ ಕಟ್ಟೆಯ ಮೇಲಿನ ಲೋಟ ಸರಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೂಲಭೂತ ಎನ್ನುವುದು ಸಂಸ್ಕೃತದ ಹಳೆಯ ಸಮಾಸ. ಇಲ್ಲಿ ಭೂತ ಎಂದರೆ ದೆವ್ವವೂ ಅಲ್ಲ, ಕಳೆದ ಕಾಲವೂ ಅಲ್ಲ, 'ಆಗಿರುವ' ಎಂದರ್ಥ. ಮೂಲವಾಗಿರುವುದು ಮೂಲಭೂತ. ಸಂವಿಧಾನದ ಮೂರನೆಯ ಭಾಗದ ಹಕ್ಕುಗಳನ್ನು ನಾವು ಮೂಲಭೂತ ಹಕ್ಕುಗಳು ಎನ್ನುತ್ತೇವೆ, 1976ರ ತಿದ್ದುಪಡಿಯಲ್ಲಿ ಸೇರಿದ ಕರ್ತವ್ಯಗಳನ್ನು ಮೂಲಭೂತ ಕರ್ತವ್ಯಗಳು ಎನ್ನುತ್ತೇವೆ. ರಸ್ತೆ, ನೀರು, ವಿದ್ಯುತ್ತಿಗೆ ಮೂಲಭೂತ ಸೌಕರ್ಯ ಎಂಬ ಹೆಸರಿದೆ. ಹಕ್ಕು, ಕರ್ತವ್ಯ, ಸೌಕರ್ಯ ಎಲ್ಲವೂ ಒಳ್ಳೆಯವೇ. ಬಾಲಕ್ಕೆ 'ವಾದಿ' ಅಂಟಿದ ಕೂಡಲೇ ಬೈಗುಳವಾಗುತ್ತದೆ. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಕನ್ನಡದಲ್ಲಿ ಹುಡುಕಿ ಪ್ರಯೋಜನವಿಲ್ಲ. ಕಿಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆಗ ಇಂಗ್ಲಿಷಿನಲ್ಲೇ 'ಫಂಡಮೆಂಟಲಿಸ್ಟ್' ಹುಟ್ಟಿರಲಿಲ್ಲ, ಅದಕ್ಕೆ ಇನ್ನೂ 26 ವರ್ಷ ಬೇಕಿತ್ತು. ನಮ್ಮದು ಅದರ ಅನುವಾದ. ಹಾಗಾಗಿ ಅಮೆರಿಕಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಪ್ರೊಟೆಸ್ಟೆಂಟ್ ಚರ್ಚುಗಳಿಗೆ ಎರಡು ಕಡೆಯಿಂದ ಬಿಸಿ ತಾಗಿತ್ತು. ಒಂದು ಕಡೆ ಡಾರ್ವಿನ್. ಇನ್ನೊಂದು ಕಡೆ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಬೈಬಲ್ ವಿಮರ್ಶೆ: ಬೈಬಲನ್ನು ಬೇರೆ ಯಾವುದೇ ಹಳೆಯ ಗ್ರಂಥದಂತೆ ಬಿಡಿಸಿ, ಯಾವ ಭಾಗ ಯಾವಾಗ ಯಾರಿಂದ ಬರೆಯಲ್ಪಟ್ಟಿತು ಎಂದು ಕೇಳುವ ಪದ್ಧತಿ. ಎರಡನೆಯದೇ ಹೆಚ್ಚು ನೋಯಿಸಿತು ಎಂದು ನನ್ನ ಅಭಿಪ್ರಾಯ. ಡಾರ್ವಿನ್ ಹೊರಗಿನವನು, ವಿಮರ್ಶಕರು ಚರ್ಚಿನ ಒಳಗೇ, ಪಾದ್ರಿಗಳನ್ನು ತಯಾರು ಮಾಡುವ ಶಾಲೆಗಳಲ್ಲೇ ಕೂತಿದ್ದರು.

ಇದನ್ನು ಎದುರಿಸಲು ಕ್ಯಾಲಿಫೋರ್ನಿಯಾದ ಎಣ್ಣೆ ಉದ್ಯಮಿ ಲೈಮನ್ ಸ್ಟೂವರ್ಟ್ ತನ್ನ ಸಹೋದರ ಮಿಲ್ಟನ್ ಜೊತೆ ಸೇರಿ ಹಣ ಹಾಕಿದರು. 1910ರಿಂದ 1915ರವರೆಗೆ 'ದಿ ಫಂಡಮೆಂಟಲ್ಸ್' ಎಂಬ ಹೆಸರಿನಲ್ಲಿ 12 ಸಂಪುಟಗಳು ಬಂದವು. 90 ಪ್ರಬಂಧಗಳು. ಪಾದ್ರಿಗಳಿಗೆ, ಮಿಷನರಿಗಳಿಗೆ, ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ, ಭಾನುವಾರ ಶಾಲೆಯ ಮೇಲ್ವಿಚಾರಕರಿಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಹೋದವು. ಒಟ್ಟು ಪ್ರತಿಗಳು ಸುಮಾರು 30 ಲಕ್ಷ. ಅದೇ 1910ರಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ ಐದು ಅಂಶಗಳನ್ನು ಬಿಡಲಾಗದ ನಂಬಿಕೆಗಳೆಂದು ಘೋಷಿಸಿತು: ಬೈಬಲಿನಲ್ಲಿ ತಪ್ಪಿಲ್ಲ, ಯೇಸು ಕನ್ಯೆಯಲ್ಲಿ ಹುಟ್ಟಿದ, ಮನುಷ್ಯರ ಪಾಪಕ್ಕೆ ಬದಲಾಗಿ ಸತ್ತ, ದೇಹಸಮೇತ ಎದ್ದುಬಂದ, ಅವನ ಪವಾಡಗಳು ನಡೆದದ್ದು ನಿಜ. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ರೈಸ್ತ ಧರ್ಮದಲ್ಲಿ ಹೇಳಿಕೊಳ್ಳಲು ಎಷ್ಟೊಂದು ಇದೆ. ಪ್ರೀತಿ ಇದೆ, ದಾನ ಇದೆ, ಸಂಸ್ಕಾರಗಳಿವೆ. ಅದರಲ್ಲಿ ಯಾವುದರ ಮೇಲೆ ದಾಳಿಯಾಗುತ್ತಿದೆ ಎನಿಸಿತೋ ಅದನ್ನೇ ಆರಿಸಿ ಇದೇ ಬೇರು ಎಂದರು. ಬೇರು ಯಾವುದೆಂದು ತೀರ್ಮಾನಿಸಿದ್ದು ಎದುರಾಳಿಯ ಕೊಡಲಿ ಬಿದ್ದ ಜಾಗ. ಈ ಆಯ್ಕೆಯೇ ಮುಂದೆ ಈ ಪದದ ತಿರುಳಾಯಿತು.

ಇಷ್ಟಾದರೂ ಆ 12 ಸಂಪುಟಗಳು ಇವತ್ತು ನಾವು ಊಹಿಸುವಷ್ಟು ಬಿಗಿಯಾಗಿರಲಿಲ್ಲ. ಅವುಗಳಲ್ಲಿ ಬರೆದ ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಓರ್ ಅಂಥವರು ವಿಕಾಸವಾದಕ್ಕೆ ಒಂದಿಷ್ಟು ಜಾಗ ಬಿಟ್ಟಿದ್ದರು. ಹೆಸರು ಕೇಳಿ ತೀರ್ಪು ಕೊಡುವ ಮೊದಲು ಇದು ಗೊತ್ತಿರಲಿ.

ಪದ ಹುಟ್ಟಿದ ದಿನಾಂಕವೇ ನಮಗೆ ಗೊತ್ತಿದೆ, ಇಂಥ ಭಾಗ್ಯ ಎಲ್ಲ ಪದಗಳಿಗೂ ಇರುವುದಿಲ್ಲ. 1920ರ ಬೇಸಿಗೆಯಲ್ಲಿ ಬಫಲೊ ನಗರದಲ್ಲಿ ಪ್ರೊಟೆಸ್ಟೆಂಟರದೇ ಒಂದು ಶಾಖೆಯಾದ ಬ್ಯಾಪ್ಟಿಸ್ಟರ ಪೈಕಿ ಉತ್ತರ ರಾಜ್ಯಗಳವರ ಸಮಾವೇಶ ನಡೆಯಿತು. ಅಲ್ಲಿಂದ ಬಂದ ಕರ್ಟಿಸ್ ಲೀ ಲಾಸ್ ಎಂಬ ಸಂಪಾದಕರು ಜುಲೈ 1ರಂದು ತಮ್ಮ 'ವಾಚ್‌ಮನ್-ಎಕ್ಸಾಮಿನರ್' ಪತ್ರಿಕೆಯಲ್ಲಿ ತಮ್ಮ ಪಂಗಡಕ್ಕೆ ಒಂದು ಹೆಸರು ಬೇಕು ಎಂದು ಬರೆದರು. ಸಂಪ್ರದಾಯವಾದಿ ಎಂಬ ಹೆಸರು ಅವರಿಗೆ ಹಿಡಿಸಲಿಲ್ಲ. ಮೂಲತತ್ವಗಳಿಗೆ ಇನ್ನೂ ಅಂಟಿಕೊಂಡಿರುವವರು, ಅವುಗಳಿಗಾಗಿ ಘೋರ ಕಾಳಗ ಮಾಡಲು ಸಿದ್ಧರಿರುವವರು ಯಾರೋ ಅವರನ್ನು ಫಂಡಮೆಂಟಲಿಸ್ಟರು ಎನ್ನೋಣ ಎಂದರು. ಈ ವ್ಯಾಖ್ಯಾನದಲ್ಲಿ ಎರಡು ಷರತ್ತುಗಳಿವೆ. ಅಂಟಿಕೊಂಡರೆ ಸಾಲದು, ಕಾಳಗಕ್ಕೂ ಇಳಿಯಬೇಕು. ನಮ್ಮ ಅನುವಾದದ 'ವಾದಿ' ಇದನ್ನು ಚೆನ್ನಾಗಿ ಹಿಡಿದಿದೆ. ಕೋರ್ಟಿನಲ್ಲಿ ದಾವೆ ಹೂಡುವವನೂ ವಾದಿಯೇ ತಾನೆ? ಎದುರಿಗೆ ಪ್ರತಿವಾದಿ ಇಲ್ಲದೆ ವಾದಿ ಇಲ್ಲ.

ಹೆಸರುಗಳ ಚರಿತ್ರೆಯಲ್ಲಿ ಇದು ತಲೆಕೆಳಗಾದ ಪ್ರಕರಣ. ಪಾಶ್ಚಾತ್ಯರಲ್ಲಿ ನಿಷ್ಠಾವಂತರ ಹೆಸರುಗಳು ಸಾಮಾನ್ಯವಾಗಿ ಗೇಲಿಯಾಗಿ ಹುಟ್ಟಿ ಗೌರವಕ್ಕೆ ಏರಿವೆ. ಇಂಗ್ಲೆಂಡಿನಲ್ಲಿ ಪ್ಯೂರಿಟನ್ ಎಂದರೆ ಮೊದಲು ಬೈಗುಳ. ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿಯ ಗೆಳೆಯರು ಹೊತ್ತುಹೊತ್ತಿಗೆ ಪ್ರಾರ್ಥನೆ, ಉಪವಾಸ ಮಾಡುತ್ತಿದ್ದರೆಂದು ಜೊತೆಯವರು ಅಣಕಿಸಿ ಮೆಥಡಿಸ್ಟ್ ಎಂದು ಕರೆದರು. ಮುಂದೆ ಅದೇ ಹೆಸರಿನವರು ಮೈಸೂರಿನಲ್ಲಿ ಶಾಲೆ, ಮುದ್ರಣಾಲಯ ನಡೆಸಿದರು. ಜರ್ಮನಿಯಲ್ಲಿ ಪಯಟಿಸ್ಟ್ ಎಂಬುದೂ ಹೀಗೇ ಗೇಲಿಯಾಗಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಆ ಭಕ್ತಿಪಂಥದ ಮಣ್ಣಿನಲ್ಲೇ ಬೆಳೆದದ್ದು, ಕಿಟೆಲರೂ ಆ ಮಿಷನ್ನಿನವರೇ. ಕಟ್ಟುನಿಟ್ಟಿನ ನಂಬಿಕೆಯವನೊಬ್ಬ ಎರಡು ದಶಕ ಕೂತು ನಮಗೆ ನಿಘಂಟು ಕೊಟ್ಟ ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ. ಫಂಡಮೆಂಟಲಿಸ್ಟ್ ಮಾತ್ರ ಹೆಮ್ಮೆಯಿಂದ ತಾವೇ ಇಟ್ಟುಕೊಂಡ ಹೆಸರು. ಐದು ವರ್ಷದೊಳಗೆ ಬೈಗುಳವಾಗಿ ಇಳಿಯಿತು.

ಇಳಿದದ್ದು ಟೆನ್ನೆಸಿಯ ಡೇಟನ್ ಎಂಬ ಪುಟ್ಟ ಊರಲ್ಲಿ. ಶಾಲೆಯಲ್ಲಿ ಮನುಷ್ಯನ ವಿಕಾಸವನ್ನು ಕಲಿಸಬಾರದು ಎಂಬ ಕಾನೂನನ್ನು ಆ ರಾಜ್ಯ 1925ರಲ್ಲಿ ತಂದಿತ್ತು. ಅದನ್ನು ಮೀರಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಮಾಸ್ತರರ ವಿಚಾರಣೆ ಜುಲೈಯಲ್ಲಿ ನಡೆಯಿತು. ಕಾನೂನಿನ ಪರ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಮೂರು ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ದೊಡ್ಡ ಮಾತುಗಾರ. ಮಾಸ್ತರರ ಪರ ಕ್ಲಾರೆನ್ಸ್ ಡ್ಯಾರೋ. ಡ್ಯಾರೋ ಎದುರಾಳಿ ವಕೀಲ ಬ್ರಯಾನನ್ನೇ ಸಾಕ್ಷಿಯ ಜಾಗದಲ್ಲಿ ನಿಲ್ಲಿಸಿ, ಸೃಷ್ಟಿಯ ದಿನವೆಂದರೆ 24 ತಾಸೇ ಎಂದು ಪಾಟೀಸವಾಲು ಹಾಕಿದರು. ಬ್ರಯಾನ್ ಅಲ್ಲದಿರಬಹುದು ಎಂದು ಒಪ್ಪಿಕೊಂಡರು. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು, ಅದೂ ಮುಂದೆ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ವಿಚಾರಣೆ ಮುಗಿದ ಐದೇ ದಿನಕ್ಕೆ ಬ್ರಯಾನ್ ತೀರಿಕೊಂಡರು. ಕೋರ್ಟಿನಲ್ಲಿ ಫಂಡಮೆಂಟಲಿಸ್ಟರೇ ಗೆದ್ದಿದ್ದರು. ಆದರೆ ರೇಡಿಯೊ, ಪತ್ರಿಕೆಗಳ ಮೂಲಕ ದೇಶವೆಲ್ಲ ನೋಡಿ ನಕ್ಕದ್ದು ಅವರನ್ನೇ. ಅಂದಿನಿಂದ ಆ ಪದಕ್ಕೆ ಹಳ್ಳಿಗ, ಅಜ್ಞಾನಿ ಎಂಬ ವಾಸನೆ ಅಂಟಿತು. ಮುಂದೆ ಅದೇ ನಂಬಿಕೆಯ ಅನೇಕರು ಆ ಹೆಸರನ್ನು ಬಿಟ್ಟು ಇವ್ಯಾಂಜೆಲಿಕಲ್ ಎಂಬ ಬೇರೆ ಹೆಸರಿನಲ್ಲಿ 1942ರಲ್ಲಿ ಸಂಘ ಕಟ್ಟಿಕೊಂಡರು.

ಇಲ್ಲಿಯವರೆಗೂ ಇದು ಅಮೆರಿಕದ ಪ್ರೊಟೆಸ್ಟೆಂಟರ ಮನೆಜಗಳದ ಪದ. ಜಗತ್ತಿನ ಪದವಾದದ್ದು ಮುಖ್ಯವಾಗಿ 1979ರಲ್ಲಿ. ಇರಾನಿನಲ್ಲಿ ಕ್ರಾಂತಿಯಾಗಿ ಖೊಮೇನಿ ಬಂದಾಗ ಪಾಶ್ಚಾತ್ಯ ವರದಿಗಾರರು ಕೈಗೆ ಸಿಕ್ಕ ಪರಿಚಿತ ಪದವನ್ನೇ ಅಲ್ಲಿಗೂ ಹಾಕಿದರು. ಆಮೇಲೆ ಮುಸ್ಲಿಂ, ಹಿಂದೂ, ಯೆಹೂದಿ, ಬೌದ್ಧ, ಸಿಖ್ ಎಲ್ಲರಿಗೂ ಅದೇ ಅಂಗಿ ಹೊಲಿಸಲಾಯಿತು. ಅಂಗಿ ಎಲ್ಲರಿಗೂ ಸರಿಹೊಂದಲಿಲ್ಲ. ಧರ್ಮಗ್ರಂಥದ ಪ್ರತಿ ಅಕ್ಷರ ದೇವರದ್ದೆಂದು ನಂಬುವುದೇ ಲಕ್ಷಣವಾದರೆ, ಕುರಾನಿನ ಬಗ್ಗೆ ಹಾಗೆ ನಂಬುವ ಸಾಮಾನ್ಯ ಮುಸಲ್ಮಾನರೆಲ್ಲ ಆ ಪಟ್ಟಿಗೆ ಸೇರಬೇಕಾಗುತ್ತದೆ. ಇನ್ನೊಂದೆಡೆ ಹಿಂದೂಗಳಲ್ಲಿ ಯಾವ ಒಂದು ಪುಸ್ತಕವನ್ನು ಹಿಡಿದು ಅಳೆಯುವುದು? ಶಿಯಾ ಪಂಥದಲ್ಲಂತೂ ಉಸೂಲಿ ಎಂಬ ಹಳೆಯ ಶಾಖೆಯೇ ಇದೆ. ಉಸೂಲ್ ಎಂದರೆ ಅರಬ್ಬಿಯಲ್ಲಿ ಬೇರುಗಳು, ಮೂಲತತ್ವಗಳು. ಪದಶಃ ನೋಡಿದರೆ ಅವರೇ ಮೂಲಭೂತವಾದಿಗಳು. ಆದರೆ ಧರ್ಮದ ತೀರ್ಮಾನಗಳಲ್ಲಿ ಬುದ್ಧಿಗೆ, ತರ್ಕಕ್ಕೆ ಜಾಗ ಬೇಕು ಎಂದವರು ಇವರು. ಪರಂಪರೆಯಿಂದ ಬಂದ ವಚನಗಳಷ್ಟೇ ಸಾಕು ಎಂದವರು ಎದುರಿನ ಅಖ್ಬಾರಿಗಳು. ಬೇರನ್ನು ಹಿಡಿದವರೆಲ್ಲ ಬಿಗಿಯಾಗಿರುತ್ತಾರೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಈ ತೊಡಕಿನಿಂದಲೇ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ, ಒಂದು ಗುಂಪು ತನ್ನನ್ನು ತಾನೇ ಹಾಗೆ ಕರೆದುಕೊಂಡ ಹೊರತು ಈ ಪದ ಬಳಸಬೇಡಿ ಎಂದು ವರದಿಗಾರರಿಗೆ ಹೇಳುತ್ತದೆ. ಕನ್ನಡದ ಸುದ್ದಿಮನೆಗಳೂ ಇದನ್ನು ಪಾಲಿಸಿದರೆ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಅನುವಾದಕರು ಪಟ್ಟ ಪಾಡನ್ನೂ ನೋಡಿ. ತಮಿಳರು ಅಡಿಪ್ಪಡೈವಾದಿ ಎಂದರು, ಅಡಿಪಾಯ ಹಿಡಿದವನು. ಮಲಯಾಳದಲ್ಲಿ ಮೌಲಿಕವಾದಿ, ಮರಾಠಿಯಲ್ಲಿ ಮೂಲತತ್ತ್ವವಾದಿ. ಉರ್ದುವಿನಲ್ಲಿ ಬುನಿಯಾದ್ ಪರಸ್ತ್, ಎಂದರೆ ಬುನಾದಿಯನ್ನು ಪೂಜಿಸುವವನು. ದೇವರೊಬ್ಬನನ್ನೇ ಪೂಜಿಸಬೇಕೆನ್ನುವವರಿಗೆ ಇದು ಎಷ್ಟು ಚುಚ್ಚಬಹುದು ಯೋಚಿಸಿ. ಆ ಬುನಿಯಾದ್ ನಮ್ಮಲ್ಲಿ ಬುನಾದಿಯಾಗಿ ಮನೆ ಕಟ್ಟುವವರ ಬಾಯಲ್ಲಿ ದಿನವೂ ಇದೆ. ಪದಗಳ ನಂಟು ಎಷ್ಟು ದೂರ ಹೋಗುತ್ತದೆ ಎಂದರೆ, ಪಾರಸಿಯ ಈ 'ಬುನ್', ಫಂಡಮೆಂಟಲ್ ಪದದ ಒಳಗಿರುವ ಲ್ಯಾಟಿನ್ನಿನ 'ಫುಂದುಸ್', ಸಂಸ್ಕೃತದ 'ಬುಧ್ನ' ಮೂರೂ ಒಂದೇ ತಾಯಿಯ ಮಕ್ಕಳು. ಮೂರಕ್ಕೂ ತಳ ಎಂದರ್ಥ. ಉತ್ತರಾಭಾದ್ರ ನಕ್ಷತ್ರದ ದೇವತೆ ಅಹಿರ್ಬುಧ್ನ್ಯ, ತಳದಲ್ಲಿರುವ ಸರ್ಪ. ಪಂಚಾಂಗ ನೋಡುವ ನಿಮ್ಮ ತಾಯಿಗೆ ಈ ಹೆಸರು ಗೊತ್ತಿದ್ದರೂ ಇದ್ದೀತು.

ತೆಲುಗಿನವರು ಬೇರೆ ದಾರಿ ಹಿಡಿದರು. ಅವರಿಗೆ ಮೂಲಭೂತವಾದಿ ಎಂದರೆ ಛಾಂದಸವಾದಿ. ಛಂದಸ್ಸು ಎಂದರೆ ವೇದ. ಛಾಂದಸ ಎಂದರೆ ವೇದ ಓದಿದವನು. ಕಾಲ ಕಳೆದಂತೆ ಕನ್ನಡದಲ್ಲೂ ತೆಲುಗಿನಲ್ಲೂ ಆ ಪದ ಹಳೆಯದಕ್ಕೆ ಜೋತುಬಿದ್ದವನು ಎಂಬ ಅರ್ಥಕ್ಕೆ ಜಾರಿತು. ಅಂದರೆ ತೆಲುಗಿನಲ್ಲಿ ಅಮೆರಿಕದ ಹೋರಾಟಗಾರನಿಗೂ ಅಗ್ರಹಾರದ ವೈದಿಕನಿಗೂ ಒಂದೇ ಹೆಸರು. ನಿಮ್ಮ ಮಗ ಊಟದ ಎಲೆಯ ಮುಂದೆ ಮಾಡಿದ್ದೂ ಇದೇ ಬೆರಕೆ. ಕನ್ನಡಕ್ಕೆ ಎರಡು ಪದಗಳಿರುವಾಗ ಅವುಗಳನ್ನು ಬೇರೆ ಇಟ್ಟುಕೊಳ್ಳುವುದು ಲಾಭ.

ಹಾಗಾದರೆ ನಮ್ಮ ಪದಗಳು ಏನು ಹೇಳುತ್ತವೆ? ಮಡಿ ಎಂದರೆ ಒಗೆದು ಶುಚಿಯಾದ ಬಟ್ಟೆ, ಒಗೆಯುವವನು ಮಡಿವಾಳ. ಬಟ್ಟೆಯಿಂದ ಅರ್ಥ ಮೈಗೆ ಬಂತು, ಮೈಯಿಂದ ಅಡುಗೆಗೆ, ನೀರಿಗೆ, ಜಾಗಕ್ಕೆ ಹರಡಿತು. ಇದರ ಎದುರು ಪದ ಮೈಲಿಗೆ. ಮಡಿವಂತ ಎಂದರೆ ಈ ಗೆರೆಯನ್ನು ಕಾಯುವವನು. ಇಲ್ಲಿ ಸಿದ್ಧಾಂತದ ಮಾತೇ ಬರುವುದಿಲ್ಲ ಎಂಬುದನ್ನು ಗಮನಿಸಿ. ಮಡಿವಂತ ಏನನ್ನು ನಂಬುತ್ತಾನೆ ಎಂದು ಪದ ಕೇಳುವುದಿಲ್ಲ. ಏನನ್ನು ಮುಟ್ಟುತ್ತಾನೆ, ಯಾರನ್ನು ಮುಟ್ಟುವುದಿಲ್ಲ ಎಂದು ಕೇಳುತ್ತದೆ. ಅಮೆರಿಕದ ಪದ ಇದಕ್ಕೆ ನೇರ ವಿರುದ್ಧ: ಐದು ಅಂಶ ಒಪ್ಪುತ್ತೀಯಾ ಹೇಳು, ಯಾರ ಕೈಯಡುಗೆ ಉಂಡೆ ಎಂಬುದು ನಮಗೆ ಬೇಡ. ಮಡಿವಂತಿಕೆ ಎಂಬ ಪದ ಇವತ್ತು ಧರ್ಮದ ಆಚೆಗೂ ಹೋಗಿದೆ. ಭಾಷೆಯಲ್ಲಿ ಮಡಿವಂತಿಕೆ ಬೇಡ ಎನ್ನುತ್ತೇವೆ, ಸಂಗೀತದ ಮಡಿವಂತರು ಎನ್ನುತ್ತೇವೆ. ಅಲ್ಲೂ ಅರ್ಥ ಅದೇ, ಹೊರಗಿನದು ತಾಗಬಾರದು. ಈ ಗೆರೆಯ ಬಗ್ಗೆ ತಕರಾರು ಹೊರಗಿನಿಂದ ಬಂದದ್ದಲ್ಲ, ಹರಿದಾಸರ ಪೈಕಿ ಪುರಂದರದಾಸರೇ ಮಡಿ ಮಾಡುವ ಬಗೆ ಬೇರೆ ಇದೆ ಎಂದು ಹಾಡಿದ್ದಾರೆ.

ಕರ್ಮಠ ಇನ್ನೊಂದು ಪದ, ನನಗೆ ಇದರ ಮೇಲೆ ವಿಶೇಷ ಪ್ರೀತಿ. ಪಾಣಿನಿಯ ವ್ಯಾಕರಣದಲ್ಲಿ ಇದಕ್ಕೆಂದೇ ಒಂದು ಸೂತ್ರವಿದೆ. ಕೆಲಸದಲ್ಲಿ ಶ್ರಮಪಟ್ಟು ತೊಡಗುವವನು ಕರ್ಮಠ. ಹಿಂದಿಯಲ್ಲಿ ಅರ್ಥ ಹಾಗೇ ಉಳಿದಿದೆ. ಅಲ್ಲಿ ಒಬ್ಬರನ್ನು ಕರ್ಮಠ ಕಾರ್ಯಕರ್ತ ಎಂದರೆ ಸನ್ಮಾನಪತ್ರದಲ್ಲಿ ಬರೆಯುವಂಥ ಹೊಗಳಿಕೆ. ಕನ್ನಡದಲ್ಲಿ, ಪಕ್ಕದ ಮರಾಠಿಯಲ್ಲೂ, ಕರ್ಮ ಎಂದರೆ ಕೆಲಸ ಹೋಗಿ ಸಂಧ್ಯಾವಂದನೆ, ಶ್ರಾದ್ಧ, ಹೋಮಗಳ ವಿಧಿಯಾಯಿತು; ಕರ್ಮಠ ಎಂದರೆ ವಿಧಿಯಲ್ಲಿ ಕೂದಲೆಳೆಯಷ್ಟೂ ಬಿಡದವನು. ದಿಲ್ಲಿಯವರು ಹೊಗಳಿದ್ದನ್ನು ಧಾರವಾಡದವರು ಬೈದರೆಂದು ತಿಳಿದರೆ ತಪ್ಪು ಯಾರದ್ದೂ ಅಲ್ಲ.

ಇವೆಲ್ಲಕ್ಕಿಂತ ಆಳವಾಗಿ ಯೋಚಿಸಿದವರು ಶರಣರು. ಷಟ್‌ಸ್ಥಲದ ಆರು ಮೆಟ್ಟಿಲಲ್ಲಿ ಮೊದಲನೆಯದು ಭಕ್ತಸ್ಥಲ, ಅಲ್ಲಿ ಶ್ರದ್ಧೆ. ಎರಡನೆಯದು ಮಾಹೇಶ್ವರಸ್ಥಲ, ಅಲ್ಲಿ ನಿಷ್ಠೆ. ಅನ್ಯದೈವಕ್ಕೆ ಎರಗದ, ವ್ರತ ಬಿಡದ, ರಾಜಿಯಾಗದ ಛಲವಂತನಿಗೆ ಅಲ್ಲಿ ಮಾನ್ಯ ಸ್ಥಾನವಿದೆ. ಆದರೆ ಅದು ಎರಡನೆಯ ಮೆಟ್ಟಿಲು. ಮೇಲೆ ಇನ್ನೂ ನಾಲ್ಕಿವೆ, ಕೊನೆಯಲ್ಲಿ ಐಕ್ಯ, ಸಮರಸ. ಬಿಗಿಯನ್ನು ತಿರಸ್ಕರಿಸದೆ, ಅದನ್ನೇ ಗುರಿ ಎಂದೂ ಮಾಡದೆ, ದಾಟಿಹೋಗಬೇಕಾದ ಹಂತವಾಗಿ ಹೆಸರಿಸಿದ ಇಂಥ ಏರ್ಪಾಡು ನಮ್ಮದೇ ಭಾಷೆಯಲ್ಲಿ ಇದೆ ಎಂಬುದು ನಿಮ್ಮ ಮಗನಿಗೆ ತಿಳಿಯಲಿ ಎಂಬ ಆಸೆ ನನ್ನದು.

ಮತಾಂಧ, ಕೋಮುವಾದಿ ಎಂಬವನ್ನೂ ಇದರ ಜೊತೆ ಕಲಸುವವರಿದ್ದಾರೆ. ಮತಾಂಧನಿಗೆ ಮತ ಕಣ್ಣು ಕಟ್ಟಿರುತ್ತದೆ, ಅವನಿಗೆ ಶಾಸ್ತ್ರ ಗೊತ್ತಿರಲೇಬೇಕೆಂದಿಲ್ಲ. ಕೋಮು ಅರಬ್ಬಿಯ 'ಕೌಮ್', ಎಂದರೆ ಜನಾಂಗ. ಕೋಮುವಾದಿಗೆ ತನ್ನ ಜನ, ಎದುರಿನ ಜನ ಎಂಬ ಲೆಕ್ಕವೇ ಮುಖ್ಯ. ದೇವರನ್ನೇ ನಂಬದ ಕೋಮುವಾದಿ ಇರಬಹುದು, ಜೀವಮಾನದಲ್ಲಿ ಒಂದೂ ಏಕಾದಶಿ ಮಾಡದ, ಒಂದು ಹೊತ್ತಿನ ನಮಾಜೂ ಓದದ ಮತಾಂಧ ಇರಬಹುದು.

ಈಗ ನಿಮ್ಮ ಅಡುಗೆಮನೆಗೆ ಬರೋಣ. ನಿಮ್ಮ ತಾಯಿ ಬೇರನ್ನು ಆರಿಸಿ ಪಟ್ಟಿ ಮಾಡಿಲ್ಲ. ಅವರ ತಾಯಿ, ಅತ್ತೆ ಮಾಡಿದ್ದನ್ನು ಇಡಿಯಾಗಿ ಎತ್ತಿಕೊಂಡಿದ್ದಾರೆ; ಅದರಲ್ಲಿ ಯಾವುದು ಮೂಲ, ಯಾವುದು ಕೊಂಬೆ ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ. ಹೊಸ ಕಾಲಕ್ಕೆ ಎದುರಾಗಿ ಪತ್ರಿಕೆ ಹೊರಡಿಸಿಲ್ಲ, ಶಾಲೆಯಲ್ಲಿ ಏನು ಕಲಿಸಬೇಕೆಂದು ಕಾನೂನು ಕೇಳಿಲ್ಲ. ಮೊಮ್ಮಗ ಏಕಾದಶಿ ಮಾಡದಿದ್ದರೂ ಅವನಿಗೆ ಎಲೆ ಹಾಕಿ ಬಡಿಸಿದ್ದಾರೆ. ಲಾಸ್ ಹೇಳಿದ ಆ ಕಾಳಗ ಇಲ್ಲಿಲ್ಲ.

ಆದರೆ ಮಡಿ ಎಂಬುದು ತಮ್ಮ ಪಾಡಿಗೆ ತಾವಿರುವ ಆಚಾರ, ಅದರಿಂದ ಯಾರಿಗೇನು ತೊಂದರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬರು ಮಡಿಯಾಗಿರಬೇಕಾದರೆ ಇನ್ನೊಬ್ಬರು ದೂರ ನಿಲ್ಲಬೇಕು. ಶತಮಾನಗಳ ಕಾಲ ಹೀಗೆ ದೂರ ನಿಂತವರು ಯಾರು, ಯಾವ ಕೇರಿಯವರು ಎಂದು ನಮಗೆಲ್ಲ ಗೊತ್ತು. ಸಂವಿಧಾನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದ್ದು, ಆ ದೂರ ಮನೆಯೊಳಗಿನ ಖಾಸಗಿ ಸಂಗತಿ ಅಲ್ಲ ಎಂದು ತಿಳಿದೇ. ನಿಮ್ಮ ಮಗನ ಸಿಟ್ಟು ಸುಳ್ಳಲ್ಲ. ಅವನ ಕಣ್ಣು ಆ ಲೋಟದ ಮೇಲೆ ಬಿದ್ದಿದೆ. ಆದರೆ ಅವನು ಬಳಸಿದ ಪದ ಲೋಟವನ್ನು ಮುಟ್ಟುವುದಿಲ್ಲ. ಮೂಲಭೂತವಾದಿ ಎಂದಾಗ ಅಜ್ಜಿಗೆ ತನ್ನ ಬಗ್ಗೆ ಏನೂ ಕೇಳಿಸಲಿಲ್ಲ, ಯಾವುದೋ ದೂರದ ಹೆಸರು ಕೇಳಿಸಿತು. ಅದಕ್ಕೇ ಕೋಪವೂ ಬರಲಿಲ್ಲ.

ಮುಂದಿನ ಸಲ ಅವನು ಬಂದಾಗ ಆ ಪದವನ್ನು ಬಿಟ್ಟು ಮಡಿಯ ಮಾತಿನಲ್ಲೇ ಕೇಳಲಿ. 'ಅಜ್ಜಿ, ಇಷ್ಟು ವರ್ಷದಿಂದ ನಮ್ಮ ಪಾತ್ರೆಯನ್ನೆಲ್ಲ ಬೆಳಗುತ್ತಿರೋದು ಅವರೇ. ಅವರು ತೊಳೆದ ಲೋಟದಲ್ಲಿ ನೀನು ಕಾಫಿ ಕುಡೀತೀಯ. ಅವರು ಕುಡಿಯೋ ಲೋಟ ಮಾತ್ರ ಯಾಕೆ ಹಿತ್ತಿಲಲ್ಲಿದೆ?' ಮಡಿ ಅಂದರೇನು, ಮೈಲಿಗೆ ಅಂದರೇನು ಎಂದು ನಿಮ್ಮ ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಪ್ರಶ್ನೆಗೆ ಅವರು ಏನು ಉತ್ತರ ಕೊಟ್ಟರೆಂದು ನನಗೂ ಬರೆದು ತಿಳಿಸಿ.